ರಾಗಮಾಲಾ: ಕಣ್ಣಿಗೆ ಕಾಣುವ ರಾಗಗಳು

ರಾಗಕ್ಕೊಂದು ಮುಖ, ಉಡುಗೆ, ಹೊತ್ತು, ಋತು ಕೊಟ್ಟು ಬರೆದ ಚಿತ್ರಗಳ ಸರಣಿಯೇ ರಾಗಮಾಲಾ. 16ರಿಂದ 19ನೇ ಶತಮಾನದವರೆಗೆ ರಾಜಸ್ಥಾನ, ದಖ್ಖನ್, ಪಹಾಡಿ ಸೀಮೆಯ ಆಸ್ಥಾನಗಳಲ್ಲಿ ಇವಕ್ಕೆ ಬೇಡಿಕೆಯಿತ್ತು. ಸಾಮಾನ್ಯವಾಗಿ 6 ರಾಗಗಳು, ಪ್ರತಿಯೊಂದಕ್ಕೂ ಐವರು ರಾಗಿಣಿಯರು, ಅಂದರೆ ಪತ್ನಿಯರು. ಒಟ್ಟು 36 ಹಾಳೆ. ರೀವಾದ ಪಂಡಿತ ಕ್ಷೇಮಕರ್ಣ 1570ರಲ್ಲಿ ರಾಗಗಳಿಗೆ ಮಕ್ಕಳನ್ನೂ ಕರುಣಿಸಿ ಸಂಸಾರವನ್ನು 80 ದಾಟಿಸಿದ!

ತೋಡಿ ರಾಗಿಣಿಯನ್ನು ನೋಡಿ. ವೀಣೆ ಹಿಡಿದ ಒಂಟಿ ಹೆಣ್ಣು, ಸುತ್ತ ಕಿವಿ ನಿಮಿರಿಸಿ ನಿಂತ ಜಿಂಕೆಗಳು. ಅವಳ ವಿರಹ ಮುಖಕ್ಕಿಂತ ಹೆಚ್ಚಾಗಿ ಆ ಜಿಂಕೆಗಳ ನಿಲುವಿನಲ್ಲೇ ಗೊತ್ತಾಗುತ್ತದೆ. ಅಸಾವರಿಯ ಬಳಿಗೆ ಶ್ರೀಗಂಧದ ಮರದಿಂದ ಹಾವುಗಳು ಇಳಿದು ಬರುತ್ತವೆ. ಮೇಘ ರಾಗಕ್ಕೆ ಕಪ್ಪು ಮೋಡ, ಮಳೆ, ಕುಣಿಯುವ ಕೃಷ್ಣ.

ಸ್ವರ, ತಾಳ ಯಾವುದನ್ನೂ ಇಲ್ಲಿ ಗುರುತಿಸಿಲ್ಲ. ಚಿತ್ರಕಾರನಿಗೆ ಆಧಾರ ರಾಗದ ರೂಪವನ್ನು ವರ್ಣಿಸುವ ಧ್ಯಾನಶ್ಲೋಕ. ಅನೇಕ ಹಾಳೆಗಳ ಮೇಲಂಚಿನ ಪಟ್ಟಿಯಲ್ಲಿ ಆ ಬಗೆಯ ಪದ್ಯವೇ ಇರುತ್ತದೆ. ಹಾಗಾಗಿ ಇಂದಿನ ಗಾಯನವನ್ನು ಚಿತ್ರದೊಂದಿಗೆ ತಾಳೆ ಹಾಕಹೊರಟರೆ ನಿರಾಸೆಯೇ ಹೆಚ್ಚು.

ವಿಜಯಪುರದ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580–1627) ರಾಗಕ್ಕೆ ರೂಪ ಕೊಡುವ ಕೆಲಸವನ್ನು ಮಾತಿನಲ್ಲೇ ಮಾಡಿದ. ದಖ್ಖನಿಯಲ್ಲಿ ಬರೆದ ‘ಕಿತಾಬ್-ಎ-ನವರಸ್’ನಲ್ಲಿ ಹಾಡುಗಳನ್ನು ರಾಗವಾರು ಜೋಡಿಸಿ, ಕೆಲವು ರಾಗಗಳ ರೂಪ, ಒಡವೆಗಳನ್ನೂ ವರ್ಣಿಸಿದ್ದಾನೆ. ತನ್ನ ತಂಬೂರಿ ಮೋತಿ ಖಾನ್, ಆನೆ ಆತಶ್ ಖಾನ್‌ಗೂ ಅದೇ ಪುಸ್ತಕದಲ್ಲಿ ಜಾಗ ಕೊಟ್ಟಿದ್ದಾನೆ.