ಮತಗಟ್ಟೆಯಿಂದ ಟಿವಿ ಪರದೆವರೆಗೆ: ಸಂದೀಪ್ ಶಾಸ್ತ್ರಿ ಮತ್ತು ಚುನಾವಣೆ ಓದುವ ವಿದ್ಯೆ

ಕರ್ನಾಟಕದಲ್ಲಿ ಚುನಾವಣೆ ಬಂತೆಂದರೆ ಟಿವಿ ಚರ್ಚೆಗಳಲ್ಲೂ ಪತ್ರಿಕೆಗಳ ವಿಶ್ಲೇಷಣೆ ಪುಟಗಳಲ್ಲೂ ಮತ್ತೆ ಮತ್ತೆ ಎದುರಾಗುವ ಹೆಸರು ಸಂದೀಪ್ ಶಾಸ್ತ್ರಿ. ವೃತ್ತಿಯಿಂದ ಅವರು ರಾಜ್ಯಶಾಸ್ತ್ರದ ಅಧ್ಯಾಪಕರು. ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದಲ್ಲಿ ಸಹಕುಲಪತಿಯಾಗಿದ್ದರು, ಭೋಪಾಲದ ಜಾಗ್ರಣ್ ಲೇಕ್‌ಸಿಟಿ ವಿಶ್ವವಿದ್ಯಾಲಯದ ಕುಲಪತಿಯಾದರು, ಆಮೇಲೆ ನಿಟ್ಟೆ ಶಿಕ್ಷಣ ಸಂಸ್ಥೆಗಳ ಶೈಕ್ಷಣಿಕ ಹೊಣೆ ಹೊತ್ತರು. ಕೆ.ಸಿ. ಸೂರಿ ಮತ್ತು ಯೋಗೇಂದ್ರ ಯಾದವ್ ಜೊತೆ ಅವರು ಸಂಪಾದಿಸಿದ, ರಾಜ್ಯಗಳ ಚುನಾವಣಾ ರಾಜಕಾರಣ ಕುರಿತ ಇಂಗ್ಲಿಷ್ ಗ್ರಂಥ 2009ರಲ್ಲಿ ಬಂತು. 2019ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಕುರಿತ ಪುಸ್ತಕ ಹೊರಬಂತು. ಹುದ್ದೆಗಳ ಈ ಪಟ್ಟಿಗಿಂತ ಅವರ ಮಾತಿಗೆ ತೂಕ ತಂದುಕೊಟ್ಟದ್ದು ಇನ್ನೊಂದು ಕೆಲಸ: ಲೋಕನೀತಿ ಅಧ್ಯಯನ ಜಾಲದ ರಾಷ್ಟ್ರೀಯ ಸಂಯೋಜಕತ್ವ.

ಲೋಕನೀತಿಯ ಹಿನ್ನೆಲೆ

ರಜನಿ ಕೊಠಾರಿ 1963ರಲ್ಲಿ ದೆಹಲಿಯಲ್ಲಿ ಕಟ್ಟಿದ ಸಿಎಸ್‌ಡಿಎಸ್ ಸಂಶೋಧನಾ ಸಂಸ್ಥೆ, ಮತದಾರರನ್ನೇ ನೇರವಾಗಿ ಮಾತಾಡಿಸುವ ರಾಷ್ಟ್ರೀಯ ಚುನಾವಣಾ ಅಧ್ಯಯನವನ್ನು 1967ರಲ್ಲಿ ಆರಂಭಿಸಿತು. ನಡುವೆ ನಿಂತಿದ್ದ ಈ ಸರಣಿ ಮತ್ತೆ ಜೀವ ಪಡೆದದ್ದು 1996ರಲ್ಲಿ. ಅದೇ ದಶಕದಲ್ಲಿ ಈ ಸಂಸ್ಥೆಯ ಕಾರ್ಯಕ್ರಮವಾಗಿ ಲೋಕನೀತಿ ಹುಟ್ಟಿತು. ರಾಜ್ಯ ರಾಜ್ಯಗಳ ರಾಜ್ಯಶಾಸ್ತ್ರ ಅಧ್ಯಾಪಕರನ್ನು ಒಂದೇ ಜಾಲಕ್ಕೆ ಸೇರಿಸಿದ್ದು ಅದರ ದೊಡ್ಡ ಸಾಧನೆ. ದೆಹಲಿಯಲ್ಲಿ ಕೂತು ಕರ್ನಾಟಕವನ್ನು ಊಹಿಸುವ ಬದಲು, ಇಲ್ಲಿಯ ಭಾಷೆ, ಜಾತಿ, ಸೀಮೆಗಳನ್ನು ಬಲ್ಲವರೇ ಪ್ರಶ್ನೆ ರೂಪಿಸಿ ಉತ್ತರ ಓದುವ ವ್ಯವಸ್ಥೆ ಇದರಿಂದ ಸಾಧ್ಯವಾಯಿತು.

ಸಮೀಕ್ಷೆ ನಡೆಯುವ ಬಗೆ

ಹಾಸನ ತಾಲ್ಲೂಕಿನ ಕೊರವಂಗಲವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಮ್ಮಡಿ ವೀರಬಲ್ಲಾಳನ ಕಾಲದ, 1173ರ ಬೂಚೇಶ್ವರ ದೇವಾಲಯದಿಂದ ಹೆಸರಾದ ಊರು. ಇಂಥ ಊರಿನ ಮತಗಟ್ಟೆ ಸಮೀಕ್ಷೆಗೆ ಆಯ್ಕೆಯಾದರೆ, ಸಂದರ್ಶಕರು ಅರಳಿಕಟ್ಟೆಯ ಮೇಲೆ ಸಿಕ್ಕ ನಾಲ್ಕು ಜನರನ್ನು ಕೇಳಿ ವಾಪಸಾಗುವಂತಿಲ್ಲ. ಮತದಾರರ ಪಟ್ಟಿಯಲ್ಲಿ ನಿಗದಿತ ಅಂತರಕ್ಕೊಂದರಂತೆ ಹೆಸರು ಆರಿಸಿ, ಆ ಹೆಸರಿನವರನ್ನೇ ಹುಡುಕಿಕೊಂಡು ಮನೆಗೆ ಹೋಗಬೇಕು. ಕಟ್ಟೆಯ ಮೇಲೆ ಜೋರಾಗಿ ರಾಜಕೀಯ ಮಾತಾಡುವವರು ಬಹುಪಾಲು ಗಂಡಸರು, ಅದರಲ್ಲೂ ಊರಿನ ಬಲಾಢ್ಯರು. ಕಟ್ಟೆ ಹತ್ತದ ಹೆಂಗಸರು, ಕೇರಿಯವರು, ಕೂಲಿಗೆ ಹೋದವರು ಪಟ್ಟಿಯಲ್ಲಿ ಅಷ್ಟೇ ಸಮಾನರು. ಈ ವಿಧಾನದ ನ್ಯಾಯ ಇರುವುದೇ ಅಲ್ಲಿ.

ಮತದಾನದ ನಂತರದ ಸಮೀಕ್ಷೆಯಾದರೆ ಎಣಿಕೆಗೆ ಮುಂಚೆಯೇ ಮಾತುಕತೆ ಮುಗಿಯಬೇಕು, ಗೆದ್ದವರ ಹೆಸರು ಗೊತ್ತಾದ ಮೇಲೆ ಉತ್ತರ ಬದಲಾಗುತ್ತದೆ. ಯಾರಿಗೆ ಮತ ಎಂಬ ಪ್ರಶ್ನೆಗೆ ಬಾಯಿಬಿಟ್ಟು ಹೇಳಬೇಕಿಲ್ಲ. ಅಣಕು ಮತಪತ್ರದಲ್ಲಿ ಗುರುತು ಹಾಕಿ ಪೆಟ್ಟಿಗೆಗೆ ಹಾಕಿದರಾಯಿತು.

ಮತ ಗೊತ್ತು, ಸೀಟು ಗೊತ್ತಿಲ್ಲ

ವೀಕ್ಷಕರು ಕೇಳುವುದು ಸೀಟಿನ ಲೆಕ್ಕ, ಸಮೀಕ್ಷೆ ಅಳೆಯುವುದು ಮತದ ಪ್ರಮಾಣ. ಇವೆರಡರ ನಡುವಿನ ಕಂದರಕ್ಕೆ 2018ರ ವಿಧಾನಸಭೆ ಚುನಾವಣೆಯೇ ಸಾಕ್ಷಿ. ಆಗ ಕಾಂಗ್ರೆಸ್‌ಗೆ ಶೇ 38ರಷ್ಟು ಮತ ಬಂದಿತ್ತು, ಬಿಜೆಪಿಗೆ ಶೇ 36ರಷ್ಟು. ಆದರೂ 104 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾದದ್ದು ಬಿಜೆಪಿ. ಮತ ಎಲ್ಲಿ ಒಟ್ಟುಗೂಡುತ್ತದೆ, ಎಲ್ಲಿ ಚದುರುತ್ತದೆ ಎಂಬುದು ರಾಜ್ಯಮಟ್ಟದ ಸರಾಸರಿಯಲ್ಲಿ ಕಾಣುವುದಿಲ್ಲ. ಸಂಖ್ಯೆ ತಪ್ಪಿದೊಡನೆ ಇಡೀ ಅಧ್ಯಯನವನ್ನೇ ತಿಪ್ಪೆಗೆಸೆಯುವ ನಮ್ಮ ಅಭ್ಯಾಸ ಸರಿಯಲ್ಲ. ಯಾರು ಗೆಲ್ಲುತ್ತಾರೆ ಎಂಬುದು ಎಣಿಕೆಯ ದಿನ ಹೇಗೂ ತಿಳಿಯುತ್ತದೆ. ಯಾರು ಯಾಕೆ ಮತ ಕೊಟ್ಟರು ಎಂಬುದು ಕೇಳದೆ ತಿಳಿಯುವುದಿಲ್ಲ.

ಹಾಸನವನ್ನು ಓದುವ ಕಷ್ಟ

ಸ್ಟುಡಿಯೋಗಳಲ್ಲಿ ಹಾಸನ ಜಿಲ್ಲೆಗೆ ಒಂದೇ ವಿಶೇಷಣ: ಗೌಡರ ಕೋಟೆ. ಚರಿತ್ರೆ ಅಷ್ಟು ಸರಳವಾಗಿಲ್ಲ. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದ ಎಚ್.ಡಿ. ದೇವೇಗೌಡರು ಅದೇ ಕ್ಷೇತ್ರದಲ್ಲಿ 1989ರಲ್ಲಿ ಸೋತರು. ಪ್ರಧಾನಿಯಾಗಿ ಬಂದ ಮೇಲೂ, 1999ರ ಲೋಕಸಭಾ ಚುನಾವಣೆಯಲ್ಲಿ ಹಾಸನ ಅವರನ್ನು ಸೋಲಿಸಿತು. ಎರಡೂ ಸಲ ಎದುರಾಳಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡ. 2023ರಲ್ಲಿ ದೇವೇಗೌಡರ ಮಗ ಎಚ್.ಡಿ. ರೇವಣ್ಣ ಹೊಳೆನರಸೀಪುರ ಉಳಿಸಿಕೊಂಡದ್ದು ಮೂರು ಸಾವಿರ ಚಿಲ್ಲರೆ ಮತಗಳಿಂದ. ಅಲ್ಲಿ ಸೋತ ಶ್ರೇಯಸ್ ಪಟೇಲ್, ಪುಟ್ಟಸ್ವಾಮಿಗೌಡರ ಮೊಮ್ಮಗ, ಮರುವರ್ಷವೇ ಹಾಸನದ ಸಂಸದರಾದರು. ಇಪ್ಪತ್ತೈದು ವರ್ಷಗಳ ನಂತರ ಆ ಕ್ಷೇತ್ರ ಕಾಂಗ್ರೆಸ್‌ಗೆ ಮರಳಿತ್ತು.

ವಿಧಾನಸಭೆಯಲ್ಲೂ ಹಾಗೆಯೇ. 2018ರಲ್ಲಿ ಜಿಲ್ಲೆಯ ಏಳರಲ್ಲಿ ಆರು ಕ್ಷೇತ್ರ ಗೆದ್ದ ದೇವೇಗೌಡರ ಜೆಡಿಎಸ್, 2023ರಲ್ಲಿ ನಾಲ್ಕಕ್ಕೆ ಇಳಿಯಿತು. ಚನ್ನರಾಯಪಟ್ಟಣ ಸೀಮೆಯನ್ನು ಒಳಗೊಂಡ ಶ್ರವಣಬೆಳಗೊಳ, ಅರಕಲಗೂಡು, ಹೊಳೆನರಸೀಪುರ ಉಳಿದವು. ಐದು ವರ್ಷ ಹಿಂದೆ ಬಿಜೆಪಿ ಪಾಲಾಗಿದ್ದ ಹಾಸನ ನಗರ ಜೆಡಿಎಸ್ ವಶವಾಯಿತು. ಬೇಲೂರು, ಸಕಲೇಶಪುರ ಬಿಜೆಪಿಗೆ, ಅರಸೀಕೆರೆ ಕಾಂಗ್ರೆಸ್‌ಗೆ ಹೋದವು. ಒಕ್ಕಲಿಗರ ಜಿಲ್ಲೆ ಎಂಬ ಒಂದೇ ಸೂತ್ರದಿಂದ ಈ ಏಳು ತೀರ್ಪುಗಳನ್ನೂ ವಿವರಿಸಲು ಆಗದು. ಒಕ್ಕಲಿಗರೊಳಗಿನ ಒಳಪಂಗಡ, ಮಲೆನಾಡು-ಬಯಲುಸೀಮೆಯ ಅಂತರ, ಪಕ್ಷ ಬದಲಿಸಿದ ಅಭ್ಯರ್ಥಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಒಂದೇ ಮತದಾರ, ಎರಡು ತೀರ್ಪು

ರಾಜ್ಯಶಾಸ್ತ್ರಜ್ಞರಿಗೆ ಕರ್ನಾಟಕ ಪ್ರಿಯವಾಗಲು ಇನ್ನೊಂದು ಕಾರಣವಿದೆ. 1984ರ ಕೊನೆಯಲ್ಲಿ ಲೋಕಸಭೆಯ 28ರಲ್ಲಿ 24 ಸ್ಥಾನವನ್ನು ಕಾಂಗ್ರೆಸ್‌ಗೆ ಕೊಟ್ಟ ಮತದಾರರು, ಕೆಲವೇ ತಿಂಗಳಲ್ಲಿ ವಿಧಾನಸಭೆಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷವನ್ನು 139 ಸ್ಥಾನಗಳೊಂದಿಗೆ ಆರಿಸಿದರು. 2023ರಲ್ಲಿ ಕಾಂಗ್ರೆಸ್‌ಗೆ 135 ಶಾಸಕರನ್ನು ಕೊಟ್ಟ ರಾಜ್ಯವೇ 2024ರಲ್ಲಿ ಬಿಜೆಪಿಗೆ 17 ಸಂಸದರನ್ನು ಕೊಟ್ಟಿತು. ಇದನ್ನು ಚಂಚಲತೆ ಎನ್ನುವುದು ಮತದಾರರಿಗೆ ಮಾಡುವ ಅವಮಾನ. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಅವರು ಬೇರೆ ಬೇರೆಯಾಗಿಯೇ ತೂಗುತ್ತಾರೆ.

ಪರದೆಯ ಮೇಲಿನ ಪಾತ್ರ

ಚರ್ಚೆ ನಡೆಸುವವರಿಗೆ ಎರಡು ಸಾಲಿನ ಉತ್ತರ ಬೇಕು, ಸಂಶೋಧಕರ ಬಳಿ ಇರುವುದು ನೂರಾರು ಕೋಷ್ಟಕ. ಈ ಇಕ್ಕಟ್ಟಿನಲ್ಲಿ ಪಕ್ಷದ ವಕ್ತಾರರಂತೆ ಕೂಗದೆ, ಅಂಕಿ ಹೇಳಿ ಅದರ ಮಿತಿಯನ್ನೂ ಹೇಳುವುದು ವಿಶ್ಲೇಷಕರ ಕರ್ತವ್ಯ. 2023ರ ಚುನಾವಣೆಗೆ ಮುನ್ನ ಟಿವಿ ಚರ್ಚೆಯೆಲ್ಲ ಹಿಜಾಬ್, ಟಿಪ್ಪು, ಮೀಸಲಾತಿಗಳ ಸುತ್ತ ತಿರುಗುತ್ತಿದ್ದಾಗ, ಎನ್‌ಡಿಟಿವಿಗಾಗಿ ಲೋಕನೀತಿ ನಡೆಸಿದ ಸಮೀಕ್ಷೆಯಲ್ಲಿ ಮತದಾರರು ಅತಿ ದೊಡ್ಡ ಸಮಸ್ಯೆಗಳೆಂದು ಹೆಸರಿಸಿದ್ದು ನಿರುದ್ಯೋಗ ಮತ್ತು ಬಡತನವನ್ನು.