ಅಥಣಿಯ ಚಪ್ಪಲಿ, ಕೊಲ್ಹಾಪುರದ ಹೆಸರು

ಜುಗೂಳದಲ್ಲಿ ಕೃಷ್ಣೆಯ ಈಚೆ ದಂಡೆ ಬೆಳಗಾವಿ ಜಿಲ್ಲೆ, ಆಚೆ ಖಿದ್ರಾಪುರದ ದಂಡೆ ಕೊಲ್ಹಾಪುರ ಜಿಲ್ಲೆ. ಈಚೆಗಿನ ಅಥಣಿ, ನಿಪ್ಪಾಣಿಗಳಲ್ಲಿ ಸಮಗಾರ ಕುಟುಂಬಗಳು ತಲೆಮಾರುಗಳಿಂದ ಚಪ್ಪಲಿ ಹೊಲಿಯುತ್ತಿವೆ. ಗಡಿ ದಾಟಿ ಪೇಟೆ ಸೇರಿದ ಮೇಲೆ ಅದು ‘ಕೊಲ್ಹಾಪುರಿ’. ಹೊಲಿದ ಊರಿನ ಹೆಸರು ಗಿರಾಕಿಗೆ ತಿಳಿಯುವುದೇ ಇಲ್ಲ.

ಹಿಂದೆ ಹೀಗಿರಲಿಲ್ಲ. ಜಾಲಿ ಚಕ್ಕೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲನ್ನು ಮೊಳೆ ಹೊಡೆಯದೆ ತೊಗಲಿನ ದಾರದಿಂದಲೇ ಹೊಲಿದ ಈ ಮೆಟ್ಟುಗಳಿಗೆ ಕಾಪಶಿ, ಪಾಯತಾಣ, ಬಕ್ಕಲನಾಳಿ ಎಂದು ಬಗೆಬಗೆಯ ಹೆಸರಿದ್ದವು. ಕಾಪಶಿ ಎಂಬುದು ಒಂದು ಊರು. ಶಾಹೂ ಮಹಾರಾಜರು (ಆಳ್ವಿಕೆ 1894–1922) ಈ ಕಸುಬಿಗೆ ಉತ್ತೇಜನ ಕೊಟ್ಟರು. ಮುಂದೆ ಮುಂಬೈ ಅಂಗಡಿಗಳಿಗೂ 1970ರ ದಶಕದಲ್ಲಿ ವಿದೇಶಕ್ಕೂ ಮಾಲು ಹೋಯಿತು. ದೂರದ ಗಿರಾಕಿಗೆ ಹತ್ತು ಹೆಸರು ಬೇಡ, ಒಂದು ಸಾಕು. ಉಳಿದದ್ದು ದೊಡ್ಡ ಪೇಟೆಯ ಹೆಸರು.

ಹೆಸರಿಗೆ ಇಷ್ಟು ಬಲವಿದೆಯೇ? ಅಮೆರಿಕದ ಸಂಶೋಧಕ ರಾಬರ್ಟ್ ಸ್ಕೂಲರ್ 1965ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಗ್ವಾಟೆಮಾಲಾದ ವಿದ್ಯಾರ್ಥಿಗಳಿಗೆ ಬಟ್ಟೆಯ ತುಂಡು, ಹಣ್ಣಿನ ರಸ ಕೊಟ್ಟು ಗುಣಮಟ್ಟ ಹೇಳಿ ಎಂದರು. ಮಾಲು ಎಲ್ಲರಿಗೂ ಒಂದೇ, ಚೀಟಿಯ ಮೇಲಿನ ದೇಶ ಮಾತ್ರ ಬೇರೆ. ಕೋಸ್ಟರಿಕಾ, ಎಲ್ ಸಾಲ್ವಡಾರ್ ಎಂದು ಬರೆದಿದ್ದಕ್ಕೆ ಬೆಲೆ ಕಡಿಮೆ ಬಿತ್ತು. ಗಿರಾಕಿಯ ಮನಸ್ಸಿನ ಮೇಲೆ ಊರಿನ ಹೆಸರು ಮಾಡುವ ಪರಿಣಾಮದ ಕುರಿತು ಆಮೇಲೆ ನಡೆದ ಅಧ್ಯಯನಗಳಿಗೆಲ್ಲ ಇದೇ ಮೊದಲು ಎನ್ನುತ್ತಾರೆ. ಅಥಣಿಯ ಸಮಗಾರರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ ಬಿಡಿ.

ಇಲ್ಲಿ ಜಾತಿಯ ಮಾತನ್ನೂ ಬಿಡುವಂತಿಲ್ಲ. ಹೊಲಿದವನನ್ನು ದೂರ ಇಟ್ಟ ಸಮಾಜಕ್ಕೆ ಚಪ್ಪಲಿ ಪೇಟೆಯ ಹೆಸರಲ್ಲಿ ಬಂದರೇ ಅನುಕೂಲ. ಮನೆಯ ಹೆಣ್ಣುಮಕ್ಕಳಂತೂ ಇನ್ನೂ ಹಿಂದೆ: ಹೆಣೆಯುವ, ಹೊಲಿಯುವ ಕೆಲಸ ಅವರದು, ವ್ಯಾಪಾರದ ಮಾತು ಗಂಡಸರದು. 1990ರ ದಶಕದ ಕೊನೆಗೆ ಅಥಣಿಯಲ್ಲಿ ಶುರುವಾದ ‘ಟೋಹೋಲ್ಡ್’ ಮಹಿಳೆಯರ ಸ್ವಸಹಾಯ ಗುಂಪು ಕಟ್ಟಿ, ತನ್ನದೇ ಹೆಸರಲ್ಲಿ ವಿದೇಶಕ್ಕೆ ಕಳಿಸಿದ್ದು ಅದಕ್ಕೇ ದೊಡ್ಡ ಸಂಗತಿ.

ಕೊಲ್ಹಾಪುರಿಗೆ ಭೌಗೋಳಿಕ ಸೂಚಕ ಬೇಕೆಂದು 2009ರಲ್ಲಿ ಹಾಕಿದ ಅರ್ಜಿಗೆ ಹತ್ತು ವರ್ಷಗಳ ನಂತರ ಫಲ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಆ ಹೆಸರಿನ ಹಕ್ಕು ಬಂತು. ‘ಅಥಣಿ ಚಪ್ಪಲಿ’ ಎಂದೇ ಮಾರಬೇಕು ಅನ್ನುವುದು ನ್ಯಾಯವೇ. ಆದರೆ ನೂರು ವರ್ಷ ಬೇರೆಯ ಹೆಸರನ್ನು ಬೆಳೆಸಿದವರು ಅದನ್ನು ಬಿಟ್ಟು ಹೊಸದಾಗಿ ಶುರು ಮಾಡಿದರೆ ನಷ್ಟ ಅವರಿಗೇ. ನನಗೆ ಎರಡೂ ಹೆಸರು ಒಟ್ಟಿಗೆ ಇರಲಿ ಅನ್ನಿಸುತ್ತದೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇಂಥದೇ ಚಪ್ಪಲಿ ತೋರಿಸಿತು, ಮೂಲದ ಹೆಸರು ಹೇಳಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ, ನಮ್ಮ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದವೂ ಆಯಿತು: 2,000 ಜೊತೆ, ಜೊತೆಯೊಂದಕ್ಕೆ ಸುಮಾರು 800 ಯೂರೋ. ಅದರಲ್ಲಿ ಹೊಲಿದವರ ಕೈಗೆ ಎಷ್ಟು, ಡಬ್ಬಿಯ ಮೇಲೆ ಯಾವ ಊರು ಎಂದು ನಮ್ಮ ಕಡೆಯವರು ಲಿಡ್ಕರ್ ಬಾಗಿಲಲ್ಲಿ ನಿಂತು ಕೇಳಬಹುದು.