ಪಕ್ಕದವರ ಷಡ್ಜ: ದೆಹಲಿಯ ಗಾಂಧರ್ವ ವೃಂದಗಾನ

ಐಟಿಒ ನಿಲ್ದಾಣದಲ್ಲಿ ಮೆಟ್ರೊ ಇಳಿದು ದೀನ್ ದಯಾಳ್ ಉಪಾಧ್ಯಾಯ ಮಾರ್ಗ ಹಿಡಿದರೆ 212ನೇ ಸಂಖ್ಯೆಯ ಕಟ್ಟಡ ಸಿಗುತ್ತದೆ. ಅದೇ ಗಾಂಧರ್ವ ಮಹಾವಿದ್ಯಾಲಯ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಿಂದ ದೆಹಲಿಗೆ ಬಂದವರಿಗೆ ಈ ಹೆಸರು ಹೊಸದಲ್ಲ. ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂದು ಗಾಂಧರ್ವದ ಪರೀಕ್ಷೆ ಕಟ್ಟಿದ ಅಕ್ಕನೋ ಅತ್ತೆಯೋ ಆ ಊರುಗಳ ಓಣಿಗಳಲ್ಲಿ ಇದ್ದೇ ಇರುತ್ತಾರೆ. ದೆಹಲಿಯ ಈ ಕಟ್ಟಡದೊಳಗೆ ಕಾಲಿಟ್ಟಾಗ ನನಗೆ ತವರಿನ ಬಾಗಿಲು ಕಂಡಂತೆ ಆಗುವುದು ಅದಕ್ಕೇ.

ಈ ಸಂಸ್ಥೆಯ ಬೇರು ನಮ್ಮ ಗಡಿಯ ಪಕ್ಕದಲ್ಲೇ ಇದೆ. ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಹುಟ್ಟಿದ್ದು ಕುರುಂದವಾಡದಲ್ಲಿ. ಚಿಕ್ಕೋಡಿಯ ಕಡೆಯವರಿಗೆ ಅದು ನೆರೆಯೂರು. ಹುಡುಗನಾಗಿದ್ದಾಗ ಪಟಾಕಿ ಸಿಡಿದು ಕಣ್ಣು ಕೆಟ್ಟಿತು. ಓದು ನಿಂತಿತು. ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಹಾಡು ಕಲಿತರು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಅಲ್ಲಿಯವರೆಗೆ ರಾಗವಿದ್ಯೆ ಹೆಚ್ಚಾಗಿ ಇದ್ದದ್ದು ದರಬಾರಿನಲ್ಲಿ, ಉಸ್ತಾದರ ಮನೆಯಲ್ಲಿ. ಒಂದು ಚೀಜ್, ಅಂದರೆ ರಾಗದ ಒಂದು ರಚನೆ, ಕೈಗೆ ಸಿಗಲು ಶಿಷ್ಯ ವರ್ಷಗಟ್ಟಲೆ ಗುರುವಿನ ಸೇವೆ ಮಾಡಬೇಕಿತ್ತು. ಪಲುಸ್ಕರರು ಅದನ್ನು ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸಿದರು, ತರಗತಿಯಲ್ಲಿ ಕೂರಿಸಿ ಕಲಿಸಿದರು, ಹೆಣ್ಣುಮಕ್ಕಳಿಗೂ ಬಾಗಿಲು ತೆರೆದರು. 1908ರಲ್ಲಿ ಮುಂಬಯಿಯಲ್ಲೂ ವಿದ್ಯಾಲಯ ಕಟ್ಟಿದರು. ಸಾಲ ಏರಿ ಅದು ಕೈಬಿಟ್ಟುಹೋಯಿತು. 1931ರಲ್ಲಿ ಅವರು ತೀರಿಕೊಂಡರು. ಉಳಿದದ್ದು ಊರೂರಿಗೆ ಚದುರಿದ ಶಿಷ್ಯರು. ಅವರೆಲ್ಲ ಒಟ್ಟುಗೂಡಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು.

ಅಂಥ ಶಿಷ್ಯರಲ್ಲೊಬ್ಬರು ವಿನಾಯಕರಾವ್ ಪಟವರ್ಧನ್. ಅವರ ಶಿಷ್ಯ ವಿನಯಚಂದ್ರ ಮೌದ್ಗಲ್ಯ. ಮೌದ್ಗಲ್ಯರು 1939ರಲ್ಲಿ ದೆಹಲಿಯ ಕನಾಟ್ ಪ್ಲೇಸಿನಲ್ಲಿ ಶಾಲೆ ಶುರುಮಾಡಿದರು. ಈಗಿನ ಕಟ್ಟಡಕ್ಕೆ ಅದು ಬಂದದ್ದು 1972ರಲ್ಲಿ. ನಡುವಿನ ಮೂರು ದಶಕಗಳಲ್ಲಿ ದೆಹಲಿಯೇ ಬೇರೆಯಾಗಿತ್ತು. ದೇಶ ಒಡೆದು ಪಂಜಾಬಿನಿಂದ ಬಂದವರು, ಸರ್ಕಾರಿ ಕೆಲಸಕ್ಕೆ ದಕ್ಷಿಣದಿಂದ, ಬಂಗಾಳದಿಂದ ಬಂದವರು ಒಂದೇ ಕಾಲನಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಬದುಕತೊಡಗಿದ್ದರು. ಇವರ ಮಕ್ಕಳು ಒಟ್ಟಿಗೆ ಹಾಡಲು ಯಾವ ಹಾಡಿತ್ತು? ಎಪ್ಪತ್ತರ ದಶಕದ ಆರಂಭದಲ್ಲಿ ಮೌದ್ಗಲ್ಯರು ಗಾಂಧರ್ವ ವೃಂದಗಾನವೆಂಬ ಗಾಯನ ತಂಡವನ್ನು ಕಟ್ಟಿದ್ದನ್ನು ನಾನು ಈ ಪ್ರಶ್ನೆಗೆ ಸಿಕ್ಕ ಉತ್ತರವೆಂದೇ ತಿಳಿಯುತ್ತೇನೆ.

ವೃಂದಗಾನ ಪಶ್ಚಿಮದಿಂದ ಎರವಲು ತಂದದ್ದು ಎನ್ನುವವರು ಶಾರ್ಙ್ಗದೇವನ ‘ಸಂಗೀತರತ್ನಾಕರ’ ನೋಡಬೇಕು. ಹದಿಮೂರನೆಯ ಶತಮಾನದ ಆ ಗ್ರಂಥದಲ್ಲಿ ಉತ್ತಮ ವೃಂದದ ಲೆಕ್ಕವೇ ಇದೆ: ಮುಖ್ಯ ಗಾಯಕರು 4, ಜೊತೆ ಹಾಡುವವರು 8, ಗಾಯಕಿಯರು 12, ಅವರೊಡನೆ ಕೊಳಲು, ಮೃದಂಗದವರು. ವಿಜಯನಗರದಲ್ಲಿ ಕೂತು ಇದಕ್ಕೆ ವ್ಯಾಖ್ಯಾನ ಬರೆದವನು ಕಲ್ಲಿನಾಥ. ನಮ್ಮ ಭಜನಾ ಮೇಳಗಳೂ ದಾಸರ ಪದ ಹಾಡುವ ಮಂಡಳಿಗಳೂ ಗುಂಪಿನಲ್ಲಿ ಹಾಡುವುದನ್ನು ಎಂದೂ ಬಿಟ್ಟಿರಲಿಲ್ಲ. ಬಿಟ್ಟದ್ದು ಬೈಠಕ್ಕಿನ ಶಾಸ್ತ್ರೀಯ ಸಂಗೀತ. ಅಲ್ಲಿ ಒಬ್ಬರೇ ಹಾಡಬೇಕು, ಉಳಿದವರು ಕೇಳಬೇಕು.

ಆದ್ದರಿಂದಲೇ ರಾಗವನ್ನು ಗುಂಪಿನಲ್ಲಿ ಹಾಡಿಸುವ ಕೆಲಸ ಕಷ್ಟದ್ದು. ಮೊದಲ ತೊಡಕು ಶ್ರುತಿಯದು. ಗಂಡಸರು ಸಾಮಾನ್ಯವಾಗಿ ಹಾರ್ಮೋನಿಯಮ್ಮಿನ ಕಪ್ಪು ಒಂದರಲ್ಲಿ ಹಾಡಿದರೆ ಹೆಂಗಸರು ಕಪ್ಪು ನಾಲ್ಕರಲ್ಲಿ. ಒಬ್ಬರ ಷಡ್ಜ ಇನ್ನೊಬ್ಬರ ಪಂಚಮದ ಜಾಗದಲ್ಲಿ ಕೂರುತ್ತದೆ. ಎಲ್ಲರಿಗೂ ಒಂದೇ ಶ್ರುತಿ ಇಟ್ಟರೆ ಒಂದು ಕಡೆಯ ದನಿ ಮಂದ್ರದಲ್ಲಿ ಮುಳುಗುತ್ತದೆ, ಇಲ್ಲವೇ ಇನ್ನೊಂದು ಕಡೆಯದು ತಾರದಲ್ಲಿ ಕಿರುಚುತ್ತದೆ. ಹಾಗಾಗಿ ಸಾಲುಗಳನ್ನು ಹಂಚಬೇಕು, ಒಂದು ಗುಂಪು ಸ್ವರ ಹಿಡಿದು ನಿಂತಾಗ ಇನ್ನೊಂದು ಅದರ ಮೇಲೆ ನಡೆಯಬೇಕು. ಎರಡನೆಯ ತೊಡಕು ಮೀಂಡಿನದು. ಒಬ್ಬರೇ ಹಾಡುವಾಗ ಗಾಂಧಾರದಿಂದ ರಿಷಭಕ್ಕೆ ಹೇಗೆ ಜಾರಿದರೂ ಅದು ಅವರವರ ಚೆಲುವು. ನಲವತ್ತು ಜನ ನಲವತ್ತು ಬಗೆಯಲ್ಲಿ ಜಾರಿದರೆ ರಾಗ ಕೆಸರಾಗುತ್ತದೆ. ಪಾಶ್ಚಾತ್ಯ ಹಾರ್ಮನಿಯನ್ನು ಹಾಗೇ ಹೊರಿಸಿದರೂ ರಾಗದ ಮುಖ ಕಾಣದು. ರಾಗದ ಒಳಗೇ ಇದ್ದು ದನಿಗಳನ್ನು ಹೆಣೆಯುವ ಗಾಂಧರ್ವದ ದಾರಿಯೇ ಸರಿಯಾದದ್ದೆಂದು ನನ್ನ ನಂಬಿಕೆ.

ಮೌದ್ಗಲ್ಯರ ಒಂದು ಹಾಡು ವಿದ್ಯಾಲಯದ ಗೋಡೆ ದಾಟಿ ದೇಶಕ್ಕೆಲ್ಲ ಹೋಯಿತು. 1974ರಲ್ಲಿ ವಿಜಯಾ ಮುಳೆ ನಿರ್ದೇಶಿಸಿದ ‘ಏಕ್ ಅನೇಕ್ ಔರ್ ಏಕತಾ’ ಎಂಬ ಪುಟ್ಟ ಅನಿಮೇಷನ್ ಚಿತ್ರ ನಿಮಗೆ ನೆನಪಿರಬಹುದು. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಿಗೆ ರೆಕ್ಕೆ ಬಡಿದು ಬಲೆಯನ್ನೇ ಎತ್ತಿಕೊಂಡು ಹಾರುವ ಕತೆ. ಅದರ ಹಾಡಿನ ಸಾಹಿತ್ಯ ಇವರದು, ಸಂಗೀತ ವಸಂತ ದೇಸಾಯಿಯವರದು. ದೂರದರ್ಶನದಲ್ಲಿ ಅದನ್ನು ಕೇಳುತ್ತ ಬೆಳೆದ ನಮ್ಮ ತಲೆಮಾರಿನ ಕನ್ನಡದ ಮಕ್ಕಳಿಗೆ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಹಾಡು ಮಾತ್ರ ಬಾಯಿಪಾಠವಾಗಿತ್ತು. ಬರೆದವರು ಯಾರೆಂದು ನನಗೆ ತಿಳಿದದ್ದು ದೆಹಲಿಗೆ ಬಂದ ಮೇಲೆ. ಅಂದು ನನಗಾದ ಸಂತೋಷ ಇನ್ನೂ ಆರಿಲ್ಲ. ಮೌದ್ಗಲ್ಯರಿಗೆ 1984ರಲ್ಲಿ ಪದ್ಮಶ್ರೀ ಸಂದಿತು.

1995ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಮಧುಪ್ ಮುದ್ಗಲ್ ವಿದ್ಯಾಲಯದ ಹೊಣೆ ಹೊತ್ತರು. ಮಗಳು ಮಾಧವಿ ಮುದ್ಗಲ್ ಒಡಿಸ್ಸಿ ನೃತ್ಯದಲ್ಲಿ ದೊಡ್ಡ ಹೆಸರು. ಮಧುಪ್ ಕಲಿತ ಗುರುಗಳಲ್ಲಿ ಕುಮಾರ ಗಂಧರ್ವರೂ ಒಬ್ಬರು, ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠರು. ಕ್ಷಯದಿಂದ ಎದ್ದು, ದೇವಾಸದಲ್ಲಿ ಮಾಳವದ ಜನಪದ ಹಾಡುಗಳಿಗೆ ಕಿವಿಗೊಟ್ಟು, ಅವುಗಳಲ್ಲಿ ರಾಗಗಳ ಮೂಲ ಕಂಡವರು. ರಸ್ತೆಯಲ್ಲಿ ಹೋಗುವವರ ಹಾಡೂ ಕಲಿಯಲು ಯೋಗ್ಯವೆಂದು ಬಲ್ಲವರ ಶಿಷ್ಯ ನೂರಾರು ಸಾಮಾನ್ಯ ದನಿಗಳನ್ನು ಹುರಿಗೊಳಿಸುವ ಕೆಲಸಕ್ಕೆ ನಿಂತದ್ದರಲ್ಲಿ ನನಗೆ ನೇರ ನಂಟು ಕಾಣುತ್ತದೆ. ವೃಂದಕ್ಕಾಗಿ ಮಧುಪ್ ಹೊಸ ಸಂಯೋಜನೆಗಳನ್ನು ಕಟ್ಟಿದರು, ಕಟ್ಟಿದ್ದನ್ನು ಎದುರು ನಿಂತು ಹಾಡಿಸಿದರು. 2006ರಲ್ಲಿ ಅವರಿಗೂ ಪದ್ಮಶ್ರೀ ಬಂದಿತು.

ಇಲ್ಲಿಗೆ ಬರುವ ಮಕ್ಕಳೆಲ್ಲ ಗಾಯಕರಾಗುವುದಿಲ್ಲ. ಆಗಬೇಕಿಲ್ಲ. ಪಲುಸ್ಕರರೇ ತಾನಸೇನರನ್ನಲ್ಲ, ಕಾನಸೇನರನ್ನು ಮಾಡಲು ಹೊರಟವರೆಂಬ ಮಾತು ಆ ಪರಂಪರೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಕಾನ್ ಎಂದರೆ ಕಿವಿ. ವೃಂದಗಾನ ಕಲಿಸುವವರೆಲ್ಲ ಬಲ್ಲ ಒಂದು ಉಪಾಯವಿದೆ. ಸ್ವರ ಹಿಡಿಯಲಾರದ ಮಗುವನ್ನು ಅವರು ಸಾಲಿನಿಂದ ಹೊರಗೆ ಕಳಿಸುವುದಿಲ್ಲ, ಗಟ್ಟಿಯಾಗಿ ಬಯ್ಯುವುದೂ ಇಲ್ಲ. ಸ್ವರ ಗಟ್ಟಿಯಿರುವ ಇಬ್ಬರ ನಡುವೆ ನಿಲ್ಲಿಸುತ್ತಾರೆ. ನಿನ್ನ ದನಿ ಸಣ್ಣದಾಗಿರಲಿ, ಅವರಿಬ್ಬರದು ನಿನಗೆ ಕೇಳಿಸುತ್ತಿರಲಿ ಎಂದಷ್ಟೇ ಹೇಳುತ್ತಾರೆ. ತಂಬೂರಿ ನುಡಿಯುತ್ತಿರುತ್ತದೆ. ಮಗು ಬಾಯಿ ತೆರೆಯುತ್ತದೆ, ತಪ್ಪುತ್ತದೆ, ನಿಲ್ಲಿಸುತ್ತದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಿವಿ ಕೊಡುತ್ತದೆ. ಕೆಲವು ವಾರ ಹೀಗೇ ನಡೆದ ಮೇಲೆ ಒಂದು ಸಂಜೆ, ಯಾರಿಗೂ ಗೊತ್ತಾಗದ ಹಾಗೆ, ಅದರ ಷಡ್ಜ ಪಕ್ಕದವರ ಷಡ್ಜದಲ್ಲಿ ಸೇರಿಹೋಗುತ್ತದೆ.